ಸರಸ್ವತಿಗೊಂದು, ಸೊಸೆಗೊಂದು

ನಾನು ಉಪ್ಪು ನೋಡದೆ ಅಡಿಗೆ ಮಾಡುವವಳು. ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ನೈವೇದ್ಯಕ್ಕೆ ಇಡುವುದನ್ನು ಮೊದಲು ನಾವು ನಾಲಿಗೆಗೆ ಹಚ್ಚಿ ನೋಡಿದರೆ ಅದು ಎಂಜಲಾಯಿತು ಅಂತ ನಮ್ಮ ಅತ್ತೆಯವರು ಕಲಿಸಿದ್ದು, ಅದೇ ನಡೆದುಕೊಂಡು ಬಂದಿದೆ. ಸಾರು ಕುದಿಯುವಾಗ ಏಳುವ ವಾಸನೆ, ಮೇಲೆ ಕಟ್ಟುವ ನೊರೆ, ಸೌಟು ತಿರುವಿದಾಗ ಅದು ಬೀಳುವ ಬಗೆ, ಇಷ್ಟರ ಮೇಲೆ ಉಪ್ಪು ಹತ್ತಿದೆಯೋ ಇಲ್ಲವೋ ತಿಳಿಯಬೇಕು. ಬಹಳ ಸಲ ತಿಳಿಯುತ್ತದೆ. ತಿಳಿಯದ ದಿನ ದೇವರೇನೂ ದೂರುವುದಿಲ್ಲ. ನಮ್ಮ ಮನೆಯವರು ಮಾತ್ರ ಮೊದಲ ತುತ್ತಿಗೇ, "ದೇವರು ಸುಮ್ಮನ ಉಂಡ ಅಂತ ನಾವೂ ಸುಮ್ಮನ ಉಣಬೇಕೇನ?" ಅನ್ನುತ್ತಾರೆ. ಅನ್ನುತ್ತಲೇ ಉಪ್ಪಿನ ಡಬ್ಬಿ ಹತ್ತಿರ ಎಳೆದುಕೊಳ್ಳುತ್ತಾರೆ. ಗಂಡ, ನಾನೆದ್ದು ಹೋಗಿ ಉಪ್ಪು ತರಲೆಂದು ಕೂಗದೆ, ತಾನೇ ಎಳೆದುಕೊಳ್ಳುತ್ತಾನೆಂಬುದು ಸಣ್ಣ ಕೃಪೆಯೇ. ಇಂಥವನ್ನು ನಾನು ಲೆಕ್ಕಕ್ಕೆ ಹಿಡಿಯುತ್ತೇನೆ. ದೊಡ್ಡ ಕೃಪೆಗಳಿಗೆ ಕಾಯುತ್ತಾ ಕೂತರೆ ನಡುವೆ ಸಾರು ಆರಿ ಹೋಗುತ್ತದೆ.

ರುಚಿ ನೋಡದೆ ರುಚಿ ಹೇಳುವ ಈ ವಿದ್ಯೆ ಅಡಿಗೆಮನೆಯ ಆಚೆಗೆ ಎಂದಾದರೂ ಬೇಕಾದೀತು ಎಂದುಕೊಂಡಿರಲಿಲ್ಲ. ಈ ಸಲದ ನವರಾತ್ರಿಯಲ್ಲಿ ಬೇಕಾಯಿತು. ಅದೂ ಎಂಥದಕ್ಕೆ ಅಂತೀರಿ? ಅಮೆರಿಕದ ಸಾಹಿತ್ಯದ ಮೇಲೆ ಪಂಡಿತರು ಬರೆದ ಎರಡು ಇಂಗ್ಲಿಷ್ ಪುಸ್ತಕಗಳಲ್ಲಿ ಒಂದನ್ನು ಆರಿಸಿ ಕೊಡುವುದಕ್ಕೆ. ಇಂಗ್ಲಿಷ್ ಅಂದರೆ ನನಗೆ ಬಸ್ಸಿನ ಬೋರ್ಡು, ಔಷಧದ ಚೀಟಿ, ಮಿಕ್ಸರಿನ ಮೇಲೆ ಬರೆದ ಎಚ್ಚರಿಕೆ. ಅಷ್ಟೇ.

ಆದದ್ದು ಹೀಗೆ. ನಾವು ಮೂಲತಃ ಧಾರವಾಡದ ಕಡೆಯವರು. ಮನೆಯವರ ನೌಕರಿ ಹಡಪಸರದ ಕಾರ್ಖಾನೆಯಲ್ಲಿ ಇದ್ದುದರಿಂದ ಪುಣೆಗೆ ಬಂದವರು ಇಲ್ಲಿಯೇ ನಿಂತೆವು. ಈಗ ಅವರು ನಿವೃತ್ತರು, ಮಗ ಚಾಕಣದ ಕಾರಿನ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಾನೆ, ಮನೆ ಕಾತ್ರಜದಲ್ಲಿ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಹೆದ್ದಾರಿಯ ಮೇಲೆ ಕನ್ನಡದ ಬೋರ್ಡು ಹೊತ್ತ ಕೆಂಪು ಬಸ್ಸು ಹೋದರೆ ಓದಿ ಮುಗಿಸುವವರೆಗೆ ಒಂದು ಒದ್ದೆ ಬಟ್ಟೆ ಕೈಯಲ್ಲೇ ಉಳಿಯುತ್ತದೆ. ಸೊಸೆ ಅಮೃತಾ ಸಾತಾರದವಳು, ಮರಾಠಿ ಹುಡುಗಿ. ನನ್ನನ್ನು ಅವರ ಪದ್ಧತಿಯಂತೆ ಆಯಿ ಅನ್ನುತ್ತಾಳೆ. ಕನ್ನಡ ನಮ್ಮಲ್ಲಿ ಬಂದ ಮೇಲೆ ಕಲಿತದ್ದು, ಹಾಗಾಗಿ ಅದಕ್ಕೆ ನನ್ನ ಅಡಿಗೆಮನೆಯ ವಾಸನೆ ಇದೆ. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಮುಂದಿನ ಪರೀಕ್ಷೆಯನ್ನೂ ಪಾಸಾಗಿ, ಇಲ್ಲಿಯವರೆಗೆ ಕಾಲೇಜುಗಳಲ್ಲಿ ತಾಸಿನ ಲೆಕ್ಕದ ಮೇಲೆ ಪಾಠ ಮಾಡಿದವಳು. ಒಂದು ಕಾಲೇಜಿನಲ್ಲಿ ಕಲಿಸಿ, ಸೀರೆಯ ನೆರಿಗೆ ಸರಿಮಾಡಿಕೊಳ್ಳುವಷ್ಟರಲ್ಲಿ ಇನ್ನೊಂದು ಕಾಲೇಜಿಗೆ ಓಡಬೇಕು. ಬೇಸಿಗೆ ರಜೆ ಬಂತೆಂದರೆ ನೌಕರಿಯೂ ರಜೆ. ಮಗಳು ಹುಟ್ಟಿದಾಗ ಅದನ್ನೂ ಬಿಟ್ಟು ಕೂತಿದ್ದಳು. ಈಗ ಹಡಪಸರದ ಕಡೆಯ ಒಂದು ಕಾಲೇಜಿನಲ್ಲಿ ಕಾಯಂ ಹುದ್ದೆ ತೆರೆದಿತ್ತು. ದಸರೆಯ ಮರುದಿನವೇ ಸಂದರ್ಶನ. ಅದರಲ್ಲಿ ಪಂಡಿತರ ಮುಂದೆ ನಿಂತು ಒಂದು ಪಾಠ ಮಾಡಿ ತೋರಿಸಬೇಕು. ವಿಷಯ ಅವರೇ ಕೊಟ್ಟಿದ್ದರು: ಅಮೆರಿಕದ ಸಾಹಿತ್ಯದ ಮೊದಲ ದಿನಗಳು.

ಅದಕ್ಕಾಗಿ ಲೈಬ್ರರಿಯಿಂದ ಎರಡು ಪುಸ್ತಕ ತಂದಳು. ಒಂದು ದಪ್ಪ, ಇನ್ನೊಂದು ತೆಳ್ಳಗೆ. ತಂದಾಗಿನಿಂದ ಒಂದನ್ನು ತೆರೆದರೆ ಇನ್ನೊಂದು ನೆನಪಾಗುತ್ತದೆ, ಇನ್ನೊಂದನ್ನು ತೆರೆದರೆ ಇದು. ಎರಡು ಒಲೆಯ ಮೇಲೆ ಒಮ್ಮೆಗೇ ಹಾಲು ಇಟ್ಟವರಂತೆ ಅವಳು ಆ ಕಡೆ ಈ ಕಡೆ ತಿರುಗುವುದನ್ನು ನೋಡಿ ನನಗೇ ಸುಸ್ತಾಯಿತು.

ಅಷ್ಟರಲ್ಲಿ ಮೂಲಾ ನಕ್ಷತ್ರ ಬಂತು. ನಮ್ಮಲ್ಲಿ ನವರಾತ್ರಿಯ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಮಣೆಯ ಮೇಲೆ ಇಟ್ಟು ಸರಸ್ವತಿಯನ್ನು ಆವಾಹನೆ ಮಾಡುತ್ತೇವೆ. ಶ್ರವಣ ನಕ್ಷತ್ರಕ್ಕೆ, ಎಂದರೆ ವಿಜಯದಶಮಿಯ ಹೊತ್ತಿಗೆ, ಅವಳನ್ನು ಬೀಳ್ಕೊಟ್ಟು ಪುಸ್ತಕ ತೆಗೆಯುವುದು. ಆ ನಡುವೆ ಮಣೆಯ ಮೇಲಿನ ಪುಸ್ತಕ ಮುಟ್ಟುವಂತಿಲ್ಲ, ಓದುವಂತಿಲ್ಲ. ಮಣೆಯ ಮೇಲೆ ಯಾವುದೋ ಹಳೆಯ, ಯಾರೂ ತೆರೆಯದ ಪುಸ್ತಕ ಇಟ್ಟರೂ ನಡೆಯುವುದಿಲ್ಲ. ಓದುವವರು ಈಗ ಓದುತ್ತಿರುವುದನ್ನೇ ಕೊಡಬೇಕು. ಚಿಕ್ಕಂದಿನಲ್ಲಿ ನಾವು ಲೆಕ್ಕದ ಪುಸ್ತಕವನ್ನು ಎಲ್ಲರಿಗಿಂತ ಮೊದಲು ತಂದು, ಎಲ್ಲಕ್ಕಿಂತ ಕೆಳಗೆ ಇಡುತ್ತಿದ್ದೆವು. ಮೇಲಿನ ಭಾರಕ್ಕೆ ಅದು ಬೇಗ ಹೊರಗೆ ಬರಬಾರದು ನೋಡಿ. ಅಷ್ಟು ಭಕ್ತಿಯಿಂದ ನಾವು ಬೇರಾವ ಪೂಜೆಯನ್ನೂ ಮಾಡಿರಲಿಕ್ಕಿಲ್ಲ.

ಅಮೃತಾಳ ತವರಿನಲ್ಲಿ ದಸರೆಯ ದಿನ ಬೆಳಿಗ್ಗೆ ಪಾಟಿಯ ಮೇಲೆ ಸರಸ್ವತಿಯ ಚಿತ್ರ ಬರೆದು ಪೂಜೆ ಮಾಡುತ್ತಾರೆ, ಮಧ್ಯಾಹ್ನಕ್ಕೆ ಮುಗಿಯಿತು. ನಮ್ಮ ಪದ್ಧತಿ ಅವಳಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ಪುಸ್ತಕ ಅಗತ್ಯವಿದ್ದಾಗಲೇ ಅದು ಬಂದದ್ದು ಇದೇ ಮೊದಲು. ನಾನು ಮಣೆ ಒರೆಸುತ್ತಾ ಏನೂ ಹೇಳದೆ ಸುಮ್ಮನಿದ್ದೆ. ಕೇಳಲು ಬಾಯಿ ಬರಲಿಲ್ಲ. ಬಿಡಲು ಮನಸ್ಸು ಬರಲಿಲ್ಲ. ನನ್ನ ಸುಮ್ಮನಿರುವಿಕೆಗೆ ಸದ್ದಿದೆ ಎಂದು ಮನೆಯವರು ಅನ್ನುತ್ತಾರೆ. ಅದು ಅವಳಿಗೆ ಕೇಳಿಸಿರಬೇಕು. ಎರಡೂ ಪುಸ್ತಕ ಹಿಡಿದುಕೊಂಡು ತಾನೇ ಬಂದು ಎದುರಿಗೆ ಕೂತಳು.

"ಆಯಿ, ಒಂದು ದೇವೀಗೆ, ಒಂದು ನನಗ. ನಡೀತದೇನ್ರಿ?"

"ನಡೀತದವಾ. ಯಾವುದು ದೇವೀಗೆ?"

"ಅದs ತಿಳೀವಲ್ದು. ನೀವs ಆರಿಸ್ರಿ."

"ನಾನೇನು ಆರಿಸ್ಲೆ? ನನಗ ಅದರಾಗಿನ ಒಂದಕ್ಷರ ತಿಳಿಯೂದಿಲ್ಲ."

"ಉಪ್ಪು ನೋಡದ ಅಡಿಗಿ ಮಾಡ್ತೀರಲ್ಲ," ಅಂದಳು. "ಹಂಗs."

ಪೇಪರಿನ ಹಿಂದಿನಿಂದ ಮನೆಯವರು ಬಾಯಿ ಹಾಕಿದರು: "ಅಮೃತಾ, ಹುಷಾರು. ತಿಂಗಳಿಗೆ ಒಂದು ಸಲ ಅಕಿ ಕೈ ತಪ್ಪತದ."

ಹಾಗೆ ಆ ಭಾರ ನನ್ನ ತಲೆಗೆ ಬಂತು. ತಪ್ಪಿದರೆ ಸಾರು ಕೆಡುವುದಲ್ಲ, ಹುಡುಗಿಯ ನೌಕರಿ ಕೆಡುತ್ತದೆ. ಅವಳು ಹೊರಗೆ ಏನೇ ನಗಲಿ, ವರ್ಷಗಳಿಂದ ಬ್ಯಾಗಿನಲ್ಲಿ ಮಡಿಸಿದ ಛತ್ರಿಯಂತೆ ಆ ಆಸೆಯನ್ನು ಹೊತ್ತು ತಿರುಗಿದ್ದನ್ನು ನಾನು ಕಂಡಿದ್ದೇನೆ.

ಮೊದಲು ಎರಡನ್ನೂ ಕೈಯಲ್ಲಿ ತೂಗಿ ನೋಡಿದೆ, ಸೋರೆಕಾಯಿ ತೂಗಿದ ಹಾಗೆ. ದಪ್ಪದ್ದು ಹೊಸದು, ಹೊರದೇಶದಲ್ಲಿ ಅಚ್ಚಾದದ್ದು, ನುಣುಪು ಹೊದಿಕೆ. ಒಬ್ಬರು ಬರೆದದ್ದಲ್ಲ, ಅಧ್ಯಾಯಕ್ಕೊಬ್ಬ ಪಂಡಿತರು. ತೆಳ್ಳನೆಯದು ನಮ್ಮ ದೇಶದ್ದೇ, ಹಳೆಯದು, ಬೆನ್ನಿಗೆ ಯಾರೋ ಬಟ್ಟೆಯ ಪಟ್ಟಿ ಅಂಟಿಸಿದ್ದರು. ಯಾವುದೋ ಸಣ್ಣ ಊರಿನ ಕಾಲೇಜಿನಲ್ಲಿ ಆಯುಷ್ಯವಿಡೀ ಪಾಠ ಮಾಡಿದ ಒಬ್ಬ ಪ್ರಾಧ್ಯಾಪಕಿ ಬರೆದದ್ದಂತೆ. ಫೋನಿನಲ್ಲಿ ಹುಡುಕಿದರೂ ಎಲ್ಲೂ ಸಿಗದ ಪುಸ್ತಕ ಅಂತ ಅಮೃತಾ ಹೇಳಿದಳು. ಮೂಗಿಗೆ ಹಿಡಿದರೆ ದಪ್ಪದ್ದು ಹೊಸ ಬಣ್ಣದ ವಾಸನೆ, ತೆಳ್ಳನೆಯದು ಅತ್ತೆಯವರ ಹಾಡಿನ ಪುಸ್ತಕದ ವಾಸನೆ. ಆದರೆ ವಾಸನೆಗೆ ಮಾರುಹೋಗಬಾರದು. ಹಿಂಗು ಜಾಸ್ತಿ ಹಾಕಿದ ಸಾರೂ ಘಮಘಮ ಅನ್ನುತ್ತದೆ.

"ಇವರು ಯಾರಿಗೆ ಉಪಕಾರ ಅಂದಾರ, ಓದು," ಅಂದೆ. ಯಾವ ಪುಸ್ತಕದಲ್ಲೂ ಅದೊಂದು ಪುಟ ಇದ್ದೇ ಇರುತ್ತದಲ್ಲ. ಮನುಷ್ಯರ ಗುಣ ತಿಳಿಯಬೇಕಾದರೆ ಅವರು ಊಟವಾದ ಮೇಲೆ ಏನನ್ನುತ್ತಾರೆ ಕೇಳಬೇಕು. ದಪ್ಪ ಪುಸ್ತಕದಲ್ಲಿ ಅದು ಮುಗಿಯಲೇ ಇಲ್ಲ. ಇಂಥ ವಿಶ್ವವಿದ್ಯಾಲಯ, ಅಂಥ ಸಂಸ್ಥೆ, ಈ ಗೆಳೆಯರು, ಆ ಶಿಷ್ಯರು, ಥೇಟ್ ನಮ್ಮ ಕಡೆಯ ಲಗ್ನಪತ್ರಿಕೆ. ಒಂದು ಹೆಸರು ಬಿಟ್ಟುಹೋದರೆ ಮುಂದಿನ ಮುಂಜಿವೆಗೆ ಯಾರೂ ಬರಲಿಕ್ಕಿಲ್ಲ ಎಂಬ ಭಯ ಅಲ್ಲಿಯೂ ಇದೆಯೆಂದು ತಿಳಿದು ನನಗೆ ಆ ಪಂಡಿತರ ಮೇಲೆ ಪ್ರೀತಿಯೇ ಹುಟ್ಟಿತು. ತೆಳ್ಳನೆಯದರಲ್ಲಿ ನಾಲ್ಕೇ ಸಾಲು. ಬರೆಯುವಾಗ ಮಕ್ಕಳನ್ನು ನೋಡಿಕೊಂಡ ನೆರೆಮನೆಯಾಕೆಗೆ, ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯದಂತೆ ಬಿಸಿಲಿಗೆ ಹಾಕಿಕೊಟ್ಟ ಲೈಬ್ರರಿಯವರಿಗೆ, ಬುದ್ಧಿ ಕೊಟ್ಟ ದೇವರಿಗೆ. ದೇವರು ಕೊನೆಗೆ ಬಂದದ್ದು ನನಗೆ ಸೇರಲಿಲ್ಲ. ಆದರೂ ನೆರೆಮನೆಯಾಕೆ ಮೊದಲು ಬಂದದ್ದು ಸರಿ ಅನ್ನಿಸಿತು.

ಆಮೇಲೆ ನಾನು ಗೆಜ್ಜೆವಸ್ತ್ರ ಮಾಡುತ್ತಾ ಕೂತೆ. ಅವಳು ಎರಡರಿಂದಲೂ ಸ್ವಲ್ಪ ಸ್ವಲ್ಪ ಓದಿ, ಅಷ್ಟು ಕನ್ನಡ ಇಷ್ಟು ಮರಾಠಿ ಮಾಡಿ ಹೇಳಿದಳು.

ದಪ್ಪ ಪುಸ್ತಕ ಕೇಳುತ್ತಿದ್ದಂತೆ ನನಗೆ ನಮ್ಮ ಮಠದ ವಿದ್ವತ್ಸಭೆ ನೆನಪಾಯಿತು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗಿ ಕಂಬಕ್ಕೆ ಒರಗಿ ಕೂಡುತ್ತಿದ್ದೆ. ಒಬ್ಬ ಆಚಾರ್ಯರು ಎದುರಿನವರ ಮಾತನ್ನು ಮೊದಲು ತಾವೇ ಚೆಂದಾಗಿ ಕಟ್ಟಿ ನಿಲ್ಲಿಸುತ್ತಾರೆ, ಅದು ಪೂರ್ವಪಕ್ಷ, ಕಟ್ಟಿದ್ದನ್ನು ಆಮೇಲೆ ಒಂದೊಂದೇ ಇಟ್ಟಿಗೆ ಕಿತ್ತು ಕೆಡವುತ್ತಾರೆ, ಕೊನೆಗೆ ಸಿದ್ಧಾಂತ. ಇಲ್ಲಿಯೂ ಹಾಗೆಯೇ. ಒಬ್ಬರು ಹೀಗೆ ಅಂದರು, ಇನ್ನೊಬ್ಬರು ಅಲ್ಲವೆಂದರು, ಇಬ್ಬರದ್ದೂ ಅರ್ಧ ಮಾತ್ರ ಎಂದು ಮೂರನೆಯವರು. ಪುಟದ ಅಡಿಯಲ್ಲಿ ಸಣ್ಣಕ್ಷರದ ಟಿಪ್ಪಣಿಗಳ ಸಾಲು. ನಮ್ಮಲ್ಲಿ ಮೂಲ, ಮೂಲಕ್ಕೆ ಭಾಷ್ಯ, ಭಾಷ್ಯಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ ಎಂದು ಇದೆಯಲ್ಲ, ಮೂಲ ಒಂದು ಹಿಡಿ, ವ್ಯಾಖ್ಯಾನ ಒಂದು ಗಾಡಿ. ಅಷ್ಟು ದೂರದ ದೇಶದಲ್ಲಿ, ನಮ್ಮ ಮಠದ ಅನ್ನದ ಕೊಪ್ಪರಿಗೆಯಷ್ಟೂ ಹಳೆಯದಲ್ಲದ ಸಾಹಿತ್ಯಕ್ಕೆ ಇಷ್ಟೊಂದು ಜನ ಕಣ್ಣು ಸವೆಸಿ ಟಿಪ್ಪಣಿ ಬರೆದಿದ್ದಾರಲ್ಲ ಎಂದು ನಾನು ಬೆರಗಾದೆ. ಬೇರೆಯವರ ಮಾತನ್ನು ಬಿಡಿಸಿ ಹೇಳುವುದರಲ್ಲೇ ತಮ್ಮ ಆಯುಷ್ಯ ಕಳೆಯುವವರು ಯಾವ ದೇಶದವರಾದರೇನು, ಅವರಿಗೆ ಒಂದು ನಮಸ್ಕಾರ.

ತೆಳ್ಳನೆಯದು ಬೇರೆ ರೀತಿ. ಅದರಲ್ಲಿ ಮೊದಲ ಅಧ್ಯಾಯವೇ, ದೇವರನ್ನು ತಮ್ಮ ರೀತಿಯಲ್ಲಿ ಪೂಜಿಸಬೇಕು ಅಂತ ಇಂಗ್ಲೆಂಡು ಬಿಟ್ಟು ಹಡಗಿನಲ್ಲಿ ಹೋದ ಭಕ್ತರದು. ಪ್ಯೂರಿಟನ್ನರು ಅಂತ ಹೆಸರು. ಗುಡಿಯಲ್ಲಿ ಚಿತ್ರ ಬೇಡ, ಅಲಂಕಾರ ಬೇಡ, ಹಬ್ಬದ ಗದ್ದಲವೂ ಬೇಡ. ಚಳಿ, ಹಸಿವು, ಜಡ್ಡು. ಆದರೂ ಬರೆಯುತ್ತಿದ್ದರಂತೆ. ಇವತ್ತು ಮಗುವಿನ ಜ್ವರ ಇಳಿಯಿತು. ಇವತ್ತು ಮಳೆ ಬಂತು. ಇವತ್ತು ನನ್ನ ಮನಸ್ಸಿನಲ್ಲಿ ಕೆಟ್ಟ ವಿಚಾರ ಬಂದಿತ್ತು, ದೇವರು ತಡೆದ. ಅವರ ದಿನಚರಿ, ಅವರ ಪ್ರವಚನ, ಅವೇ ಆ ಸಾಹಿತ್ಯದ ಮೊದಲ ಗಂಟು.

ನನ್ನ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು. "ಅಯ್ಯ, ಇವರು ಮಡಿವಂತರಲ್ಲೇನ!" ಅಂದೆ. ಇಷ್ಟು ವರ್ಷ ಅಮೆರಿಕ ಅಂದರೆ ನನಗೆ ಪರರ ಮನೆಯ ಮಕ್ಕಳು ಫೋಟೋ ಕಳಿಸುವ ಊರಾಗಿತ್ತು. ಮೊದಲ ಸಲ ಅಲ್ಲಿ ನನ್ನ ಪರಿಚಯದವರು ಸಿಕ್ಕರು.

ಅಷ್ಟಾದ ಮೇಲೆ ಆರಿಸುವುದು ಸುಲಭವಾಯಿತು. ಸುಲಭವಾಯಿತೆಂದೇ ತಪ್ಪಾಯಿತೋ ಏನೋ. ದೇವರಿಗೆ ಕೊಡುವಾಗ ನಮಗೆ ಬೇಡಾದದ್ದನ್ನು ಕೊಡಬಾರದು. ಬಾಳೆಹಣ್ಣಿನ ಚಿಪ್ಪಿನಲ್ಲಿ ಚೆಂದದ್ದು ದೇವರಿಗೆ, ಕಪ್ಪಾದದ್ದು ನಮಗೆ. ಮನಸ್ಸಿಗೆ ಹತ್ತಿದ್ದು ತೆಳ್ಳನೆಯದು. ಅಂದಮೇಲೆ ಅದು ದೇವಿಗೆ. ಸಂದರ್ಶನ ಎಂದರೆ ವಾದ. ವಾದಕ್ಕೆ ವಿದ್ವತ್ಸಭೆಯಂಥ ದಪ್ಪ ಪುಸ್ತಕವೇ ಸರಿ, ಅದು ಸೊಸೆಗೆ. ತೆಳ್ಳನೆಯದನ್ನು ಮಣೆಯ ಮೇಲಿಟ್ಟು, ರೇಷ್ಮೆಯ ಖಣ ಹೊದಿಸಿ, ಶೇವಂತಿಗೆ ಏರಿಸಿ, ಅಕ್ಷತೆ ಹಾಕಿದೆ. ಅಮೃತಾ ಕೈಮುಗಿದಳು. ಕೈಮುಗಿಯುವಾಗ ಅವಳ ಕಣ್ಣು ಖಣದ ಅಂಚಿನಿಂದ ಇಣುಕುತ್ತಿದ್ದ ಆ ಬಟ್ಟೆಯ ಪಟ್ಟಿಯ ಮೇಲೆ ಒಂದು ಗಳಿಗೆ ನಿಂತದ್ದನ್ನು ನೋಡಿದೆ. ಆದರೆ ಆವಾಹನೆ ಆಗಿಹೋಗಿತ್ತು.

"ಹಂಗಾದ್ರ ನಿನ್ನ ಫೋನೂ ಮಣಿ ಮ್ಯಾಲ ಇಡು," ಅಂದರು ಮನೆಯವರು ನನಗೆ. "ದಿನಾ ಎಲ್ಲಾದಕಿಂತ ಹೆಚ್ಚು ಓದೂದು ಅದನs." ನಾನು ನೈವೇದ್ಯಕ್ಕೆ ಎದ್ದೆ.

ಮುಂದಿನ ದಿನಗಳಲ್ಲಿ ದಪ್ಪ ಪುಸ್ತಕ ಅವಳ ಜೊತೆ ಊಟದ ಮೇಜಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡಿಗೆಮನೆಗೆ ಓಡಾಡಿತು. ಪಾಠವನ್ನು ಗಟ್ಟಿಯಾಗಿ ಹೇಳಿ ರೂಢಿಮಾಡಿಕೊಳ್ಳುತ್ತಿದ್ದಳು. ನಾನು ಒಲೆಯ ಮುಂದೆ ನಿಂತು ಕೇಳಿದೆ. ಒಂದು ವಾಕ್ಯ ಹೇಳುತ್ತಾಳೆ, "ಆದರೆ" ಅನ್ನುತ್ತಾಳೆ. ಇನ್ನೊಂದು ಹೇಳುತ್ತಾಳೆ, ಮತ್ತೆ "ಆದರೆ." ಇಂಗ್ಲಿಷಿನ 'ಬಟ್' ಎಂಬ ಆ ಒಂದು ಶಬ್ದ ನನಗೂ ಬಾಯಿಪಾಠವಾಯಿತು. ಮೊಮ್ಮಗಳಂತೂ ಹಾಲು ಕುಡಿಯೆಂದರೆ ಅದೇ ಶಬ್ದ ಅನ್ನತೊಡಗಿದಳು. ದುರ್ಗಾಷ್ಟಮಿಯ ಹೊತ್ತಿಗೆ ಅಮೃತಾ ತಲೆಗೆ ಕೈಹೊತ್ತು ಕೂತಳು.

"ಎಲ್ಲಾರೂ ಖರೇನs ಹೇಳ್ಯಾರ ಆಯಿ. ಎಲ್ಲಾರೂ ಎಲ್ಲಾರಿಗೂ ತಪ್ಪು ಅಂತನೂ ಹೇಳ್ಯಾರ. ನಾ ಏನು ಹೇಳ್ಬೇಕು ಅದs ತಿಳೀವಲ್ದು. ಶುರೂನs ಆಗವಲ್ದು."

ಮಣೆಯ ಕಡೆ ಅವಳು ನೋಡಲಿಲ್ಲ. ನೋಡದ್ದೇ ನನಗೆ ಹೆಚ್ಚು ತಾಕಿತು. ಅವಳು ಒಂದು ಮಾತು ಕೇಳಿದ್ದರೆ, "ಪದ್ಧತಿ ಅಂದ್ರ ಪದ್ಧತಿ, ಮುಟ್ಟಬಾರದು" ಎಂದು ನಾನು ಗಟ್ಟಿ ನಿಲ್ಲುತ್ತಿದ್ದೆ. ಕೇಳದವರ ಮುಂದೆ ಗಟ್ಟಿ ನಿಲ್ಲುವುದು ಹೇಗೆ? ಸರಸ್ವತಿಗೆ ಎರಡು ತುಪ್ಪದ ದೀಪ ಹೆಚ್ಚಿಗೆ ಹಚ್ಚಿದೆ. ಆಕೆ ವಿದ್ಯೆ ಕೊಡುವವಳು, ನನ್ನ ಮನೆಯಲ್ಲಿ ಮಾತ್ರ ವಿದ್ಯೆಯ ಮೇಲೆ ಕೂತುಬಿಟ್ಟಿದ್ದಳು. ಕೂಡ್ರಿಸಿದವಳು ನಾನೇ.

ಆಗ ನೆನಪಾದದ್ದು ಅತ್ತೆಯವರು. ಮೊಣಕಾಲು ನೋವಾಗಿ ಅವರಿಗೆ ಪ್ರವಚನಕ್ಕೆ ಹೋಗಲು ಆಗುತ್ತಿರಲಿಲ್ಲ. ನನ್ನನ್ನು ಕಳಿಸುತ್ತಿದ್ದರು. ಕೇಳಿ ಬಂದು, ಚಪಾತಿ ಲಟ್ಟಿಸುತ್ತಾ, ಅವರಿಗೆ ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಮರೆತಲ್ಲಿ ನಾನು ಕೈಯಿಂದ ಸೇರಿಸುತ್ತಿದ್ದೆ. ಅವರಿಗೆ ತಿಳಿಯುತ್ತಿತ್ತು. "ಆಚಾರ್ರು ಇಷ್ಟು ಹೇಳಿರ್ಲಿಕ್ಕಿಲ್ಲ, ನೀ ಒಗ್ಗರಣಿ ಹಾಕೀದಿ," ಎಂದು ನಗುತ್ತಿದ್ದರು. ಓದುವುದು ನಿಷಿದ್ಧ ಸರಿ. ಕೇಳಿದ್ದನ್ನು ಹೇಳುವುದಕ್ಕೆ ಯಾವ ಶಾಸ್ತ್ರವೂ ಅಡ್ಡಬಂದಿಲ್ಲವಲ್ಲ!

ಹಿಟ್ಟು ನಾದಿಕೊಂಡು ಕೂತೆ. "ಬಾ ಇಲ್ಲೆ, ಕೂಡು," ಎಂದೆ. "ಆ ತೆಳ್ಳನ್ನ ಪುಸ್ತಕದಾಗಿಂದು ನೀ ನನಗ ಹೇಳಿದ್ದೆಲ್ಲಾ, ಅದನ್ನ ನಾ ನಿನಗ ಹೇಳ್ತೀನಿ."

ಹೇಳಿದೆ. ಹೆಂಗ ಹೇಳಿದೆ! ಹಡಗು ಹತ್ತಿಸಿದೆ, ಸಮುದ್ರ ದಾಟಿಸಿದೆ, ಆ ಹೆಂಗಸರಿಗೆ ಬೆಳಿಗ್ಗೆ ಎದ್ದ ಕೂಡಲೇ ತಣ್ಣೀರು ಸ್ನಾನ ಮಾಡಿಸಿ ಒದ್ದೆ ಸೀರೆಯಲ್ಲಿ ಅಡಿಗೆಗೆ ನಿಲ್ಲಿಸಿದೆ. ಅಂಗಳದಲ್ಲಿ ತುಳಸಿಕಟ್ಟೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೊಟ್ಟೆ. ಅಮೃತಾ ಮೊದಲು ಸುಮ್ಮನೆ ಕೇಳಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದಳು. ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಆಯಿ, ಆ ಥಂಡಿಯೊಳಗ ತಣ್ಣೀರು ಸ್ನಾನ? ಸತ್ತೇ ಹೋಗ್ತಿದ್ರು ಅವರು! ಸ್ನಾನದ ಮಡಿ ಅಲ್ರಿ ಅವರದು, ಮನಸಿನ ಮಡಿ. ದಿನಾ ಸಂಜೀಕೆ ಕೂತು ತಮ್ಮ ಮನಸ್ಸು ತಾವು ಒಗೀತಿದ್ರು. ಬರೆಯೂದು ಅಂದ್ರ ಅವರಿಗೆ ಅದು." ಹೇಳಿ ಒಮ್ಮೆಲೇ ನೆಟ್ಟಗೆ ಕೂತಳು. ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡವರ ಹಾಗೆ. "ಆದರೆ" ಇರಲಿಲ್ಲ ಆ ಮಾತಿನಲ್ಲಿ.

"ಮುಂದ ಹೇಳ್ರಿ," ಅಂದಳು. ನಾನು ಮುಂದೆ ಹೇಳಿದೆ, ತಪ್ಪು ಹೇಳಿದೆ. ಅವಳು ತಿದ್ದಿದಳು. ನಾನು ಒಗ್ಗರಣೆ ಹಾಕಿದಷ್ಟೂ ಅವಳು ತೆಗೆದು ಹಾಕಿದಳು. ಪುಸ್ತಕ ಮುಚ್ಚಿಕೊಂಡು ಮಣೆಯ ಮೇಲೆ ಹೂ ಹೊತ್ತು ಕೂತಿತ್ತು. ಅದರೊಳಗಿನದು ಇವಳ ಬಾಯಿಂದ ಇವಳ ಮಾತಾಗಿ ಬರುತ್ತಿತ್ತು. ಲಟ್ಟಿಸುವುದನ್ನು ಬಿಟ್ಟು ನಾನು ನೋಡಿದೆ. ಎಷ್ಟು ಚೆಂದ ಕಲಿಸುತ್ತಾಳೆ ಈ ಹುಡುಗಿ! ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವಳ ಪಾಠ ನಾನು ಕೇಳಿದ್ದು ಅವತ್ತೇ.

ಕೊನೆಗೆ ನಾನು ಕೈಯ ಹಿಟ್ಟು ಉದುರಿಸಿ, ಪ್ರವಚನದ ಮಂಗಳ ಹಾಡುವವರ ಹಾಗೆ, "ಹಿಂಗ ಆ ಪುಣ್ಯಾತ್ಮರು ಆ ಖಾಲಿ ಭೂಮಿಯೊಳಗ ದೇವರ ಹೆಸರಿನ ಮ್ಯಾಲ ಸುಖವಾಗಿ ಇದ್ರು," ಎಂದು ಮುಗಿಸಿದೆ.

ಅವಳು ನಗಲಿಲ್ಲ. "ಖಾಲಿ ಇರಲಿಲ್ರಿ ಆಯಿ," ಅಂದಳು. ದಪ್ಪ ಪುಸ್ತಕ ತೊಡೆಯ ಮೇಲೆಯೇ ಇತ್ತು, ಅದರ ಮೇಲೆ ಕೈಯಿಟ್ಟುಕೊಂಡು ಹೇಳಿದಳು. "ಅಲ್ಲೆ ಮೊದಲಿನಿಂದ ಮಂದಿ ಇದ್ರು. ಅವರ ದೇವರು ಇದ್ದ, ಅವರ ಕಥಿ ಇದ್ವು. ಅವರನ್ನ ಓಡಿಸಿದ್ರು, ಕೊಂದ್ರು. ತಮ್ಮಂಗ ಪ್ರಾರ್ಥನಾ ಮಾಡದವರನ್ನ ಊರ ಹೊರಗ ಹಾಕಿದ್ರು, ಚಾಟೀಲೆ ಹೊಡದ್ರು. ತೆಳ್ಳನ್ನ ಪುಸ್ತಕದೊಳಗ ಇದು ಇಲ್ಲ. ಇದರೊಳಗ ಅದ."

ಮಡಿ ಎಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶುದ್ಧವಾಗಿರುವುದು ಹೌದು. ದೂರ ಇರುವುದೂ ಹೌದು, ದೂರ ಇಡುವುದೂ ಹೌದು. ನಾವು ಯಾವ ಕೃಪೆಗಳನ್ನು ಎಣಿಸಿ ಕೈಮುಗಿಯುತ್ತೇವೋ ಅವು ಬಾಗಿಲ ಹೊರಗೆ ನಿಂತವರ ಕೈಗೆ ಹೋಗಲಿಲ್ಲ ಎನ್ನುವುದನ್ನು ನಮ್ಮ ಲೆಕ್ಕದಲ್ಲಿ ಹಿಡಿಯುವುದಿಲ್ಲ. ಅದನ್ನು ಹಿಡಿದು ತೋರಿಸುವುದಕ್ಕೆ ಅಷ್ಟೊಂದು ಪಂಡಿತರು, ಅಷ್ಟು ಸಣ್ಣಕ್ಷರದಲ್ಲಿ, ಪುಟದ ಅಡಿಯಲ್ಲಿ ಕೂತು ದುಡಿದಿದ್ದಾರೆ. "ಆದರೆ" ಎಂಬ ಶಬ್ದಕ್ಕೆ ನಾನು ನಗಬಾರದಿತ್ತು.

"ಹಂಗಾದ್ರ ಎರಡೂ ಹೇಳು," ಅಂದೆ. "ಅವರು ಅತ್ತದ್ದೂ ಹೇಳು, ಅಳಿಸಿದ್ದೂ ಹೇಳು."

ವಿಜಯದಶಮಿಯ ದಿನ ಬೀಳ್ಕೊಡುವ ಪೂಜೆಗೆ ಮೊದಲು ನಾನು ಅಮೃತಾಳನ್ನು ಕರೆದು, ದಪ್ಪ ಪುಸ್ತಕವನ್ನೂ ತಂದು ತೆಳ್ಳನೆಯದರ ಪಕ್ಕಕ್ಕೆ ಇಡಿಸಿದೆ. ಅದಕ್ಕೆ ಸಿಕ್ಕಿದ್ದು ಒಂದೇ ಮಂಗಳಾರತಿ, ನಾಲ್ಕು ಅಕ್ಷತೆ. ತಡವಾಗಿ ಬಂದ ನೆಂಟರಿಗೆ ಬಡಿಸಿದ ಹಾಗೆ. ಪುಸ್ತಕ ತೆಗೆದ ಮೇಲೆ ಎಲ್ಲರೂ ಒಂದೆರಡು ಸಾಲು ಓದಬೇಕೆಂಬುದು ಪದ್ಧತಿ. ಮನೆಯವರು ಪಂಚಾಂಗ ಓದಿದರು; ರಾತ್ರಿಪಾಳಿ ಮುಗಿಸಿ ಬಂದ ಮಗ ನಿದ್ದೆಗಣ್ಣಿನಲ್ಲಿ ಯಂತ್ರದ ಪುಸ್ತಕದ ಒಂದು ಸಾಲು ಓದಿ ಮಲಗಿದ. ನಾನು ತೆಳ್ಳನೆಯ ಪುಸ್ತಕದ ಮೊದಲ ಸಾಲನ್ನು ಬಸ್ಸಿನ ಬೋರ್ಡು ಓದಿದ ಹಾಗೆ ಅಕ್ಷರ ಅಕ್ಷರ ಹಿಡಿದು ಓದಿದೆ. ಅರ್ಥ ಕೇಳಬೇಡಿ. ಸಂಜೆ ಬನ್ನಿ ಹಂಚುವಾಗ ಅಮೃತಾ ನನ್ನ ಕೈಗೆ ಎಲೆ ಇಟ್ಟು, "ಬಂಗಾರಧಂಗ ಇರೋಣು," ಎಂದು ಕನ್ನಡದಲ್ಲಿ ಅಂದು ಕಾಲಿಗೆ ಬಿದ್ದಳು.

ಮರುದಿನ ಹೋಗಿ ಬಂದಳು. ಮುಖ ನೋಡಿ ಏನೂ ತಿಳಿಯಲಿಲ್ಲ. ಚಹಾ ಕೊಟ್ಟು ಕಾದೆ.

"ಆರಂಭದೊಳಗ ಏನು ಹೇಳ್ದಿ?" ಎಂದು ಮನೆಯವರೇ ಕೇಳಿದರು.

"ನಮ್ಮ ಮನಿಯೊಳಗ ಒಬ್ಬರು ರುಚಿ ನೋಡದ ಅಡಿಗಿ ಮಾಡ್ತಾರ, ದೇವರು ಮೊದಲು ಉಣಬೇಕು ಅಂತ, ಅಂಥವರ ಒಂದು ಊರs ಹಡಗು ಹತ್ತಿ ಹೋದ್ರ ಏನು ಬರೀಬಹುದು, ಅಂತ ಶುರು ಮಾಡ್ದೆ ಬಾಬಾ. ಅವರು ನಕ್ಕರು. ಆಮ್ಯಾಲ ಒಬ್ಬರು ಸರ್ ಕೇಳಿದ್ರು, ಆ ಊರಿನ ಬಾಗಿಲ ಹೊರಗ ಯಾರಿದ್ರು ಅಂತ. ಅದೂ ಹೇಳ್ದೆ." ಚಹಾ ಗುಟುಕರಿಸಿದಳು. "ಕಡೀಕೆ, ವಿದ್ಯಾರ್ಥಿಗಳಿಗೆ ಒಂದs ಪುಸ್ತಕ ಹೇಳ್ರಿ ಅಂದ್ರ ಯಾವುದು ಹೇಳ್ತೀರಿ ಅಂತ ಕೇಳಿದ್ರು."

"ಯಾವುದು ಹೇಳ್ದಿ?" ಈಗ ನನಗೆ ತಡೆಯಲಾಗಲಿಲ್ಲ.

"ಎರಡು ಹೇಳ್ದೆ. ಒಂದನ್ನ ಓದ್ರಿ, ಇನ್ನೊಂದನ್ನ ಓದಿ, ಕೆಲವು ದಿನ ಮುಚ್ಚಿ ಎತ್ತಿಡ್ರಿ ಅಂದೆ."

"ಯಾವುದನ್ನ ಮುಚ್ಚಬೇಕು ಅಂತ ಕೇಳಲಿಲ್ಲೇನು?"

"ಕೇಳಿದ್ರು. ಮನಸಿಗೆ ಹತ್ತಿದ್ದನ್ನ ಅಂದೆ."

ಕೋಜಾಗಿರಿ, ಎಂದರೆ ನಮ್ಮ ಸೀಗೀ ಹುಣ್ಣಿಮೆಯ ಸಂಜೆ, ತಾರಸಿಯ ಮೇಲೆ ಬೆಳದಿಂಗಳಲ್ಲಿ ಕುಡಿಯಲಿಕ್ಕೆ ನಾನು ಕೇಸರಿಯ ಹಾಲು ಕಾಯಿಸುತ್ತಿದ್ದಾಗ ಕಾಲೇಜಿನಿಂದ ಫೋನು ಬಂತು. ಅಮೃತಾ ಮರಾಠಿಯಲ್ಲಿ "ಹೋ, ಹೋ" ಅನ್ನುತ್ತಾ ಬಾಲ್ಕನಿಗೆ ಹೋದಳು. ಬಂದವಳು, "ನೌಕರಿ ಆತ್ರಿ ಆಯಿ," ಅಂದು ನನ್ನ ಹೆಗಲಿಗೆ ಹಣೆ ಹಚ್ಚಿ ನಿಂತಳು. ಹೆಗಲು ಒದ್ದೆಯಾಯಿತು, ಹಾಲು ಉಕ್ಕಿತು. ಮನೆಯವರು ಓಡಿ ಬಂದು ಗ್ಯಾಸು ಆರಿಸಿದರು. ಕೂಗಲಿಲ್ಲ.

ಮರುದಿನ ಪುಸ್ತಕಗಳನ್ನು ಲೈಬ್ರರಿಗೆ ಹಿಂದಿರುಗಿಸಬೇಕಿತ್ತು. ಕುಂಕುಮ ಹತ್ತಿದೆಯೇನೋ ಎಂದು ಮನೆಯವರು ಹಾಳೆ ತಿರುವಿ ನೋಡುತ್ತಿದ್ದರು. ದಪ್ಪ ಪುಸ್ತಕದ ನಡುವೆ ಒಂದು ಅಕ್ಷತೆ ಕಾಳು ಸಿಕ್ಕಿತು. ಅರಿಷಿಣದ್ದು, ಹಾಳೆಗೆ ಒಂದಿಷ್ಟು ಹಳದಿ ಹಚ್ಚಿಕೊಂಡಿತ್ತು. "ಝಾಡಿಸಿ ಕೊಡು. ಲೈಬ್ರರಿಯವರು ಬೈತಾರ," ಅಂದರು.

ಅಮೃತಾ ಪುಸ್ತಕ ಮೆಲ್ಲಗೆ ಮುಚ್ಚಿದಳು. "ಇರಲಿ ಬಾಬಾ. ಮುಂದ ಓದೋರಿಗೆ ಸಿಗ್ಲಿ."

ಅದು ಯಾವ ಪುಟವೆಂದು ನಾನು ಕೇಳಲಿಲ್ಲ. ಬಾಗಿಲ ಒಳಗಿನವರದೋ, ಹೊರಗಿನವರದೋ, ಯಾರ ಪುಟವಾದರೂ ಒಂದು ಅಕ್ಷತೆ ಅಲ್ಲಿ ಬಿದ್ದದ್ದು ಒಳ್ಳೆಯದೇ. ಆ ಹಡಗಿನ ಭಕ್ತರಾಗಿದ್ದರೆ ಸಂಜೆ ಕೂತು ಇದನ್ನು ಬರೆದಿಡುತ್ತಿದ್ದರು. ನನಗೆ ಬರೆಯುವ ರೂಢಿಯಿಲ್ಲ, ಇದೊಂದನ್ನು ಬಿಟ್ಟರೆ. ಲೈಬ್ರರಿಗೆ ಹೊರಟ ಮಾವ, ಸೊಸೆ ಇಬ್ಬರನ್ನೂ ಬಾಗಿಲವರೆಗೆ ಕಳಿಸಿ, ತಳಹತ್ತಿದ ಹಾಲಿನ ಪಾತ್ರೆ ತಿಕ್ಕುತ್ತಾ ಸಣ್ಣ ಕೃಪೆಗಳನ್ನು ಎಣಿಸಿದೆ. ಆಮೇಲೆ ಸಾರಿಗಿಟ್ಟೆ. ಅವತ್ತು ಉಪ್ಪು ಮರೆತಿತ್ತು. ಮನೆಯವರು ಡಬ್ಬಿ ತಾವೇ ಎಳೆದುಕೊಂಡರು.